ಕೆಂಪು ಗೆರೆ ಬಾರದ ಪುಸ್ತಕ

ಶಿವಾನಿ ಕೂಗಾಡಿದ್ದರೆ ರಮಾದೇವಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ಹುಡುಗಿ ಕೂಗಾಡಲಿಲ್ಲ. ಅಚ್ಚಿನ ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಚೀಲದಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಒಳಗಿನ ಪುಟ ತೆರೆದು, ತಳದ ಸಾಲಿನ ಮೇಲೆ ಬೆರಳಿಟ್ಟು, "ಇದನ್ನ ಓದಿ ಅಕ್ಕಾ" ಎಂದಳು, ಅಷ್ಟೆ.

ರಮಾದೇವಿ ಓದಿದಳು. 'ನಮ್ಮ ಪ್ರೇತಿಯ ಅಮ್ಮ' ಎಂದಿತ್ತು.

ಪ್ರೀತಿಯ ಎಂದಿರಬೇಕಾಗಿತ್ತು. ಒಂದು ಕೀಲಿ ತಪ್ಪಿ ಪಕ್ಕದ ಸ್ವರ ಬಂದು ಕೂತಿತ್ತು. ಪುಟ ತಿರುಗಿಸಿದಳು, ಅಲ್ಲೂ ಅದೇ. ಇನ್ನೊಂದು ತಿರುಗಿಸಿದಳು, ಅಲ್ಲೂ. ಪುಟದ ತಳದ ಸಾಲನ್ನು ಒಂದು ಸಲ ಟೈಪ್ ಮಾಡಿಬಿಟ್ಟರೆ ಸಾಕು, ಕಂಪ್ಯೂಟರೇ ಅದನ್ನು ಕೊನೆಯವರೆಗೂ ಹಾಕಿಕೊಂಡು ಹೋಗುತ್ತದೆ. ಹಾಗೆ ಒಂದೇ ತಪ್ಪು ಪುಸ್ತಕದ ಉದ್ದಕ್ಕೂ ನಡೆದುಹೋಗಿತ್ತು. ರಕ್ಷಾಪುಟದಲ್ಲಿ ಮಾತ್ರ, ಶಿವಾನಿಯ ತಾಯಿ ಕದಿರಮ್ಮನವರ ನಗುಮುಖದ ಫೋಟೊ ಕೆಳಗೆ, ದೊಡ್ಡ ಅಕ್ಷರದಲ್ಲಿ ಸರಿಯಾಗಿತ್ತು.

"ನಿನ್ನೆ ಅಮ್ಮನ ಮೊದಲ ವರ್ಷದ ಪುಣ್ಯತಿಥಿ" ಎಂದಳು ಶಿವಾನಿ. "ಎಲೆ ಹಾಕೋಕ್ ಮುಂಚೆ ಬಂದೋರಿಗೆಲ್ಲ ಹಂಚಿದ್ವಿ. ನಮ್ಮ ದೊಡ್ಡಪ್ಪ ಕನ್ನಡಕ ಹಾಕ್ಕೊಂಡು ಜೋರಾಗಿ ಓದೋಕ್ ಶುರು ಮಾಡಿದ್ರು. ಶ್ರೀನಿವಾಸಪುರದ ಕಡೆಯ ನೆಂಟರೊಬ್ರು, 'ಏಂದ್ರಾ ಇದಿ, ತಲ್ಲಿನಿ ದೆಯ್ಯಂ ಚೇಸಿನಾರೇ' ಅಂದ್ರು. ತಾಯಿನ ದೆವ್ವ ಮಾಡ್ಬಿಟ್ರಲ್ಲಾ ಅಂತ. ಜನ ನಕ್ರು ಅಕ್ಕಾ. ಅಮ್ಮನ ಫೋಟೊ ಮುಂದೇನೇ ಕೂತ್ಕೊಂಡು ನಕ್ರು."

ಅಂಗಡಿಯ ಯಜಮಾನ ಕೋದಂಡರಾಮಪ್ಪ ತಮ್ಮ ಕುರ್ಚಿಯಿಂದ ಎದ್ದು ಬಂದರು. ಪುಸ್ತಕವನ್ನು ಕೈಗೆ ತೆಗೆದುಕೊಂಡು ನೋಡಿ, ತಲೆಯಾಡಿಸಿ, "ಇದನ್ನ ಕೊನೆಗೆ ನೋಡಿದ್ದು ಯಾರಮ್ಮಾ?" ಎಂದು ಕೇಳಿದರು.

ಎದುರಿನ ಕಂಪ್ಯೂಟರಿನ ಮುಂದೆ ಬೆನ್ನು ಹಾಕಿ ಕೂತಿದ್ದ ಕದಿರೇಶ ತಿರುಗದೆಯೇ ಹೇಳಿದ, "ಅಕ್ಕಾನೇ ಸಾರ್."

ಅದು ನಿಜವಾಗಿತ್ತು. ಕೊನೆಗೆ ನೋಡಿದವಳು ರಮಾದೇವಿಯೇ. "ಹೌದು, ನಾನೇ" ಎಂದು ಅವಳು ತಲೆ ತಗ್ಗಿಸಿದಳು.

ರಮಾದೇವಿ ಸುಗಟೂರಿನವಳು. ಮದುವೆಯಾಗಿ ಬಂದ ಮನೆಯಲ್ಲಿ ಗಂಡ ಮುನಿಕೃಷ್ಣ, ಅತ್ತೆ ವೆಂಕಟರತ್ನಮ್ಮ, ಹಿಪ್ಪುನೇರಳೆಯ ತುಂಡು ಹೊಲ, ಎರಡು ಸೀಮೆಹಸು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಡಬ್ಬಿ ಕಟ್ಟಿಕೊಂಡು ಕೋಲಾರದ ಬಸ್ಸು ಹಿಡಿದರೆ ಸಂಜೆಗೆ ವಾಪಸು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ತವರಿನಲ್ಲಿ ಸುಮ್ಮನೆ ಕೂರಬಾರದೆಂದು ಕಲಿತ ಕನ್ನಡ ಟೈಪಿಂಗು ಅವಳ ಬದುಕನ್ನು ಇಷ್ಟು ದೂರ ತಂದಿತ್ತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಮದುವೆ ಕಾರ್ಡು, ನಾಮಕರಣ, ಗೃಹಪ್ರವೇಶ, ಸಂಘದ ವಾರ್ಷಿಕ ವರದಿ, ಶ್ರದ್ಧಾಂಜಲಿ ಎಲ್ಲವೂ ಅವಳ ಬೆರಳಿನ ಕೆಳಗೆ ಹಾದುಹೋದವು. ಊರಿನವರ ಸುಖದುಃಖ ಅವಳಿಗೆ ಉಳಿದವರಿಗಿಂತ ಒಂದು ವಾರ ಮುಂಚೆಯೇ ಗೊತ್ತಾಗುತ್ತಿತ್ತು.

ಕನ್ನಡಕ್ಕೂ ಸ್ಪೆಲ್ ಚೆಕ್ ಬಂದಾಗ ಅವಳಿಗೆ ಆದ ಸಂತೋಷ ಅಂಗಡಿಯಲ್ಲಿ ಇನ್ಯಾರಿಗೂ ಆಗಿರಲಿಲ್ಲ. ತಪ್ಪು ಪದದ ಕೆಳಗೆ ಸಣ್ಣ ಕೆಂಪು ಗೆರೆಯೊಂದು ಹುಳುವಿನ ಹಾಗೆ ಹರಿಯುವುದನ್ನು ಮೊದಲ ಸಲ ನೋಡಿ ಮಕ್ಕಳಂತೆ ನಕ್ಕಿದ್ದಳು. ಆದರೆ ಆ ಗೆರೆಗೆ ಕೋಲಾರದ ಕನ್ನಡ ಗೊತ್ತಿರಲಿಲ್ಲ. ಬಸ್ಸಾರು ಅಂದರೆ ಗೆರೆ, ಕ್ಯಾಲನೂರು ಅಂದರೆ ಗೆರೆ, ಅಪ್ಪಾಜಪ್ಪ ಅಂದರೆ ಗೆರೆ, ಮುನಿರಾಮಪ್ಪ ಅಂದರೂ ಗೆರೆ. ರಮಾದೇವಿ ಬಿಡಲಿಲ್ಲ. ಅಂಥ ಪದ ಎದುರಾದಾಗೆಲ್ಲ ಅದರ ಮೇಲೆ ಒತ್ತಿ, ಇದು ಸರಿಯಾದ ಪದ, ನೆನಪಿಟ್ಟುಕೋ ಎಂದು ತನ್ನ ಕಂಪ್ಯೂಟರಿಗೆ ಸೇರಿಸುತ್ತ ಬಂದಳು. ಎದುರು ಮನೆಯ ಮಗುವಿಗೆ ನೆಂಟರ ಹೆಸರು ಹೇಳಿಕೊಟ್ಟ ಹಾಗೆ. ವರ್ಷಗಳು ಉರುಳಿದಂತೆ ಅವಳ ಯಂತ್ರಕ್ಕೆ ಸುತ್ತಲ ಊರುಗಳೂ ಜನರೂ ಗುರುತಾದರು. ಕೊನೆಗೆ ಗೆರೆ ಬಂದರೆ ನಿಜವಾದ ತಪ್ಪು, ಬಾರದಿದ್ದರೆ ಸರಿ ಎಂಬ ನಂಬಿಕೆ ಅವಳಲ್ಲಿ ಗಟ್ಟಿಯಾಯಿತು.

ಕದಿರೇಶನೂ ಅವಳ ಕೈಯಲ್ಲೇ ತಯಾರಾದವನು. ಮುಳಬಾಗಿಲ ಕಡೆಯ ಹಳ್ಳಿಯಿಂದ ಬಂದಾಗ ಅವನಿಗೆ ಮನೆಮಾತು ತೆಲುಗು, ಕನ್ನಡದ ಒತ್ತಕ್ಷರ ಕಂಡರೆ ಭಯ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ತಿಂಗಳುಗಟ್ಟಲೆ ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಕೊಟ್ಟಳು. ಯಜಮಾನರಿಗೆ ಹೇಳಿ ಕೆಲಸ ಖಾಯಂ ಮಾಡಿಸಿದಳು. ಅವನೂ ಕೃತಘ್ನನಾಗಿರಲಿಲ್ಲ. ಮುನಿಕೃಷ್ಣ ಟ್ರ್ಯಾಕ್ಟರಿನಿಂದ ಬಿದ್ದು ಕಾಲು ಮುರಿದುಕೊಂಡಾಗ ಆಸ್ಪತ್ರೆಯ ವರಾಂಡದಲ್ಲಿ ಅವಳ ಜೊತೆ ಕಾದು ಕೂತವನು ಅವನೇ. "ನಂಗೆ ಅಕ್ಕ ಇಲ್ಲ ಅನ್ನೋ ಕೊರಗಿಲ್ಲ ಬಿಡು" ಎನ್ನುತ್ತಿದ್ದ. ಮದುವೆಯಾಗಿ, ಈಚೆಗೆ ಅಪ್ಪನೂ ಆಗಿದ್ದ.

ಶಿವಾನಿ ಹೋದ ಮೇಲೆ ಕೋದಂಡರಾಮಪ್ಪ ರಮಾದೇವಿಯನ್ನು ಕರೆದು ಮೆಲ್ಲಗೆ ಹೇಳಿದರು. "ಹೋಳೂರಿಗೆ, ಅವ್ರ ಮನೆಗೆ ಹೋಗಿ ತಪ್ಪಾಯ್ತು ಅಂತ ಒಂದ್ ಮಾತು ಕೇಳ್ಕೊಂಡು ಬಂದ್ಬಿಡಮ್ಮ. ನಾನು ಹೋದ್ರೆ ಜಗಳಕ್ಕೆ ತಿರುಗ್ತದೆ. ಹೆಣ್ಮಕ್ಕಳು ಕೇಳಿದ್ರೆ ಜನ ಕರಗ್ತಾರೆ."

ಕದಿರೇಶ ತಾನೇ ಬೈಕಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳೇ ಮಾತಾಡಿದಳು. "ಅದ್ಹೆಂಗೋ ನನ್ ಕಣ್ಣು ತಪ್ಪೋಯ್ತು ಕದಿರೇಶ? ಗೆರೆ ಬಂದಿದ್ರೆ ಕಾಣ್ತಿರಲಿಲ್ವಾ?" ಎಂದಳು. ಅವನು ಗಾಳಿಯಲ್ಲಿ ಕೇಳಿಸದವನ ಹಾಗೆ "ಆಂ?" ಎಂದ. ಮನೆಯ ಹತ್ತಿರ ಹೊಂಗೆಮರದ ನೆರಳಲ್ಲಿ ಬೈಕು ನಿಲ್ಲಿಸಿ, "ನೀನ್ ಹೋಗ್ಬಾ ಅಕ್ಕ, ನಾನಿಲ್ಲೇ ಇರ್ತೀನಿ" ಎಂದ.

ಶಾಮಿಯಾನದವರು ಕಂಬ ಕೀಳುತ್ತಿದ್ದರು. ಕದಿರಮ್ಮನವರ ಗಂಡ ಆಂಜಿನಪ್ಪ ಜಗಲಿಯ ಮೇಲೆ ಕೂತಿದ್ದರು. ರಮಾದೇವಿ ಕೈ ಮುಗಿದು, ತಪ್ಪು ತನ್ನದೆಂದೂ ಹೊಟ್ಟೆಗೆ ಹಾಕಿಕೊಳ್ಳಬೇಕೆಂದೂ ಕೇಳಿಕೊಂಡಳು. ಅವರು ಕಂಬಗಳ ಕಡೆಗೇ ನೋಡುತ್ತ ಹೇಳಿದರು.

"ಅವ್ಳು ಹಾಲಿನ ಡೈರಿ ಬೋರ್ಡ್ ಮೇಲೆ ದಿನಾ ಲೆಕ್ಕ ಬರೀತಿದ್ಲಮ್ಮ. ಊರಿನ ಹೆಂಗಸ್ರಿಗೆಲ್ಲ ಸೈನ್ ಹಾಕೋದ್ ಕಲಿಸಿದೋಳು. ಅಕ್ಷರ ತಪ್ಪಿದ್ರೆ ಸೀಮೆಸುಣ್ಣ ಇಸ್ಕೊಂಡು ಅಳಿಸಿ ಬರೆಸ್ತಿದ್ಲು. ಅಂಥವಳ್ನ..." ಮಾತು ಮುಗಿಸದೆ ಎದ್ದು ಒಳಗೆ ಹೋದರು.

ಶಿವಾನಿ ಬಾಗಿಲಲ್ಲಿ ನಿಂತಿದ್ದಳು. ಅಮ್ಮನ ಬಗ್ಗೆ ಆ ಪುಸ್ತಕದ ಬರಹವೆಲ್ಲ ಅವಳದೇ. "ಅಕ್ಕಾ, ಒಂದೇ ಕೇಳ್ತೀನಿ. ಅಚ್ಚಿಗೆ ಕೊಡೋ ಮುಂಚೆ ನೀವು ಇದನ್ನ ಓದಿದ್ರಾ?"

ಸುಳ್ಳು ಹೇಳಲು ರಮಾದೇವಿಗೆ ಬಾಯಿ ಬರಲಿಲ್ಲ. "ಟೈಪ್ ಮಾಡೋವಾಗ ಪೂರ್ತಿ ಓದಿದೆ ಕಣಮ್ಮ, ಕಣ್ಣಲ್ಲಿ ನೀರೂ ಬಂತು. ಕೊನೆಗೆ ಮಾತ್ರ ಓದ್ಲಿಲ್ಲ. ತಪ್ಪಿದ್ರೆ ಕೆಳಗೆ ಕೆಂಪು ಗೆರೆ ಬರ್ತದೆ. ಎಲ್ಲೂ ಗೆರೆ ಇರ್ಲಿಲ್ಲ."

"ನಮ್ಮಮ್ಮನ ಪುಸ್ತಕನ ಗೆರೆ ನೋಡಿ ಬಿಟ್ಬಿಟ್ರಾ?"

ಹಿಂದಕ್ಕೆ ಬರುವಾಗ ಬೈಕಿನ ಮೇಲೆ ರಮಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮುಂದೆ ಕೂತ ಕದಿರೇಶ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಪಾಪ, ಅಳುವವಳಿಗೆ ಮುಜುಗರವಾಗದಿರಲಿ ಅಂತ ಸುಮ್ಮನಿದ್ದಾನೆ ಎಂದುಕೊಂಡಳು.

ಮಾರನೆಯ ದಿನ ಒಂದು ಬಸ್ಸು ಮುಂಚೆಯೇ ಬಂದು ಅಂಗಡಿಯ ಬೀಗ ತೆಗೆದಳು. ತಪ್ಪು ತನ್ನದಾದರೂ ಗೆರೆ ಯಾಕೆ ಬರಲಿಲ್ಲ ಎನ್ನುವುದು ತಿಳಿಯಲೇಬೇಕಾಗಿತ್ತು. ಇಷ್ಟು ವರ್ಷ ಸಾಕಿದ ಹಸು ಒದ್ದ ಹಾಗೆ ಅವಳ ಮನಸ್ಸು ಕಹಿಯಾಗಿತ್ತು.

ಕದಿರಮ್ಮನವರ ಫೈಲು ತೆರೆದಳು. ಖಾಲಿ ಜಾಗದಲ್ಲಿ ಬೇಕೆಂದೇ 'ಪ್ರೇತಿಯ' ಎಂದು ಟೈಪ್ ಮಾಡಿದಳು. ಗೆರೆ ಬರಲಿಲ್ಲ. 'ಕಕಮಗಗ' ಎಂದು ಬಾಯಿಗೆ ಬಂದಿದ್ದನ್ನು ಹೊಡೆದಳು. ಅದನ್ನೂ ಯಂತ್ರ ಸರಿ ಎಂದು ಒಪ್ಪಿಕೊಂಡು ಸುಮ್ಮನಿತ್ತು. ಸ್ಪೆಲ್ ಚೆಕ್ ಅನ್ನು ಯಾರಾದರೂ ನಿಲ್ಲಿಸಿದ್ದಾರೆಯೇ ಎಂದು ಮೆನು ತೆರೆದು ನೋಡಿದಳು; ಟಿಕ್ಕು ಇದ್ದಲ್ಲೇ ಇತ್ತು. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದರೆ ಅದಕ್ಕೆ ಕನ್ನಡವೇ ಕಾಣುವುದಿಲ್ಲ, ಹಾಗಾಗಿರಬಹುದೇ? ಇಲ್ಲ, ಹೊಸ ಯೂನಿಕೋಡ್ ಅಕ್ಷರವೇ ಇತ್ತು. ಕಂಪ್ಯೂಟರ್ ಆರಿಸಿ ಹಚ್ಚಿದಳು. ಫಲವಿಲ್ಲ. ಕನ್ನಡದ ಪದಕೋಶವೇ ಅಳಿಸಿಹೋಗಿದೆಯೇನೋ ಎಂಬ ಭಯದಲ್ಲಿ ಹುಡುಕಿದರೆ ಅದೂ ಇತ್ತು, ತಾನು ಸೇರಿಸಿದ ಪದಗಳೂ ಇದ್ದವು.

ಸೋತು, ಹೊಸದೊಂದು ಖಾಲಿ ಫೈಲು ತೆರೆದು ಮತ್ತೆ 'ಪ್ರೇತಿಯ' ಎಂದು ಹೊಡೆದಳು. ತಟ್ಟನೆ ಕೆಂಪು ಗೆರೆ ಹರಿಯಿತು.

ಅಂದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ. ಆಗಿದ್ದು ಆ ಫೈಲಿಗೆ. ಹಿಂದಕ್ಕೆ ಹೋಗಿ ಪುಸ್ತಕದ ಪೂರ್ತಿ ಬರಹವನ್ನು ಹಿಡಿದು, ಅದರ ಭಾಷೆ ಯಾವುದೆಂದು ತೆಗೆದು ನೋಡಿದಳು. ಕನ್ನಡ ಎಂದು ಇರಬೇಕಾದ ಕಡೆ, 'ಯಾವುದೂ ಇಲ್ಲ, ಕಾಗುಣಿತ ನೋಡಬೇಡ' ಎಂಬುದನ್ನು ಆರಿಸಲಾಗಿತ್ತು. ಅದು ತಾನಾಗಿ ಆಗುವಂಥದ್ದಲ್ಲ. ಯಾರೋ ಎಲ್ಲವನ್ನೂ ಹಿಡಿದು, ಮೆನು ತೆರೆದು, ಕೆಳಗಿಳಿದು, ಅದನ್ನೇ ಒತ್ತಬೇಕು. ಒತ್ತಿದ ಮೇಲೆ ಆ ಫೈಲು ಯಾವ ಕಂಪ್ಯೂಟರಿಗೆ ಹೋದರೂ ಆ ಕುರುಡನ್ನು ಹೊತ್ತುಕೊಂಡೇ ಹೋಗುತ್ತದೆ. ಪುಸ್ತಕದ ಮಾತುಗಳನ್ನು ಟೈಪ್ ಮಾಡಿದವಳು ಅವಳು. ಫೋಟೊ, ಬರಹ ಜೋಡಿಸಿ ಪುಟ ಕಟ್ಟಿದವನು ಕದಿರೇಶ. ಅವನು ಕಟ್ಟಿ ಕೊಟ್ಟ ಮೇಲೆ ಅವಳು ಕೊನೆಗೆ ನೋಡಿದ್ದಳು.

ಕದಿರೇಶ ಟೀ ಫ್ಲಾಸ್ಕು ಹಿಡಿದು ಒಳಗೆ ಬಂದ. ಪರದೆಯ ಮೇಲೆ ತೆರೆದಿದ್ದನ್ನು ನೋಡಿದವನೇ ಫ್ಲಾಸ್ಕನ್ನು ಕೆಳಗಿಡುವುದನ್ನು ಮರೆತು ನಿಂತ.

"ಈ ಫೈಲಲ್ಲಿ ಭಾಷೆ ತೆಗೆದಿದ್ದು ಯಾರೋ?"

"ನಾನೇ ಅಕ್ಕಾ" ಎಂದ. "ಪುಟ ಕಟ್ಟೋವಾಗ ಆಂಜಿನಪ್ಪನೋರು ಪಕ್ಕದಲ್ಲೇ ಕೂತಿದ್ರು. ನನ್ ಮೆಷಿನ್ನಲ್ಲಿ ನಿನ್ ಪದಗಳಿಲ್ವಲ್ಲ, ಎಲ್ಲಾರ ಹೆಸರ ಕೆಳಗೂ ಕೆಂಪು. 'ಏನಯ್ಯಾ, ನಮ್ಮ ವಂಶದೋರ ಹೆಸರೆಲ್ಲ ತಪ್ಪಾ' ಅಂತ ಒಂದೇ ಸಮ ರೇಗ್ತಿದ್ರು. ಕಿರಿಕಿರಿಯಾಗಿ ತೆಗೆದ್ಬಿಟ್ಟೆ. ಮತ್ತೆ ಹಾಕೋದು ಮರೆತೋಯ್ತು."

ಅಷ್ಟೇ ಆಗಿದ್ದರೆ ರಮಾದೇವಿ ಕ್ಷಮಿಸಿಬಿಡುತ್ತಿದ್ದಳು. ಮರೆವು ಯಾರಿಗಿಲ್ಲ? ಅವಳು ನಿಟ್ಟುಸಿರಿಟ್ಟು, "ತಳದ ಸಾಲು?" ಎಂದಳು.

"ಅದೂ ನಾನೇ ಹಾಕಿದ್ದು."

"ಹೋಗ್ಲಿ ಬಿಡು. ನಿನ್ನೆ ಆ ಹುಡುಗಿ ಬಂದಾಗಲಾದ್ರೂ ಬಾಯಿ ಬಿಡಬಾರ್ದಿತ್ತಾ?"

ಅವನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಿಂತ.

"ಲೇ, ಇಲ್ ನೋಡು. ನಿಂಗೆ ಇದು ಯಾವಾಗ ಗೊತ್ತಾಯ್ತು?"

"ಅಚ್ಚಾದ್ಮೇಲೆ ಪಿನ್ ಹೊಡೆಸ್ತಿದ್ದಾಗ" ಎಂದ, ನೆಲ ನೋಡುತ್ತ. "ಪುಸ್ತಕ ಇನ್ನೂ ಇಲ್ಲೇ ಇತ್ತು. ಸಾರ್‌ಗೆ ತೋರಿಸ್ದೆ. ತಳದಲ್ಲಿರೋದನ್ನ ಯಾರೋದ್ತಾರೆ, ಕಳಿಸು ಅಂದ್ರು."

ಪುಸ್ತಕ ಊರು ಸೇರುವ ಮುಂಚೆಯೇ ಇಬ್ಬರಿಗೂ ಗೊತ್ತಿತ್ತು. ಶಿವಾನಿ ಪುಟದ ಮೇಲೆ ಬೆರಳಿಟ್ಟಾಗ ಗೊತ್ತಿತ್ತು. ಯಜಮಾನರು ಮೊದಲ ಸಲ ನೋಡಿದವರಂತೆ ತಲೆಯಾಡಿಸಿದಾಗಲೂ ಗೊತ್ತಿತ್ತು.

"ಬೈಕಲ್ಲಿ ನೀನೇ ಕರ್ಕೊಂಡ್ ಹೋದ್ಯಲ್ಲೋ" ಎಂದಳು. "ಮರದ ಕೆಳಗೆ ನಿಂತ್ಕೊಂಡು ನಾನು ಕೈ ಮುಗಿಯೋದನ್ನ ನೋಡಿದ್ಯಲ್ಲೋ. ನಾನು ಹಿಂದೆ ಕೂತ್ಕೊಂಡು ಅಳ್ತಿದ್ರೆ ಗಾಡಿ ಓಡಿಸ್ಕೊಂಡು ಬಂದ್ಯಲ್ಲೋ."

"ಕೆಲಸ ಹೋಗ್ತದೆ ಅಂತ ಭಯ ಆಯ್ತಕ್ಕಾ. ಮಗು..."

ಅಷ್ಟರಲ್ಲಿ ಕೋದಂಡರಾಮಪ್ಪ ಬಂದರು. ಇಬ್ಬರ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲ ಅರ್ಥವಾಯಿತು. ಅವರು ಕೆಟ್ಟ ಮನುಷ್ಯರೇನಲ್ಲ; ಹಬ್ಬಕ್ಕೆ ಸೀರೆ ಕೊಡುವವರು, ಹಸು ಕರು ಹಾಕಿತು ಎಂದರೆ ರಜ ಕೊಡುವವರು. ಆ ದಿನವೂ ದನಿ ಏರಿಸಲಿಲ್ಲ.

"ಮತ್ತೆ ಅಚ್ಚು ಹಾಕೋಕೆ ಟೈಮೆಲ್ಲಿತ್ತಮ್ಮಾ? ಅವ್ನು ಹೋಗಿ ತಪ್ಪಾಯ್ತು ಅಂದಿದ್ರೆ ಆಂಜಿನಪ್ಪ ಕೈ ಮಾಡ್ತಿದ್ದ. ನಿನ್ ಮಾತಂದ್ರೆ ಈ ಕಡೆ ಜನಕ್ಕೆ ಮರ್ಯಾದೆ. ಅದಕ್ಕೇ ನಿನ್ನ ಕಳಿಸ್ದೆ."

"ನನ್ ಮಾತಿಗೆ ಮರ್ಯಾದೆ ಇದೆ ಅಂತ ನನ್ ಬಾಯಲ್ಲಿ ಸುಳ್ಳು ಹೇಳಿಸಿದ್ರಾ ಸಾರ್?"

"ಸುಳ್ಳೇನಿದೆ ಅದ್ರಲ್ಲಿ? ಕೊನೆಗೆ ನೋಡಿದ್ದು ನೀನೇ ತಾನೇ?"

ರಮಾದೇವಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಆ ಮಾತು. ಯಾಕೆಂದರೆ ಅದರಲ್ಲಿ ಸುಳ್ಳಿರಲಿಲ್ಲ. ಅವಳ ಒಂದು ಸಣ್ಣ ತಪ್ಪನ್ನು ಹುಡುಕಿ, ಅದರ ಹಿಂದೆ ಇಬ್ಬರು ಗಂಡಸರು ಬಚ್ಚಿಟ್ಟುಕೊಂಡಿದ್ದರು.

"ಹಂಗಾದ್ರೆ ಈಗ ಮೂರೂ ಜನ ಹೋಳೂರಿಗೆ ಹೋಗೋಣ. ನನ್ ತಪ್ಪು ನಾನು ಹೇಳಿದೀನಿ, ನಿಮ್ದು ನೀವು ಹೇಳಿ" ಎಂದಳು.

"ಆಗೋದ್ ಆಗೋಯ್ತು. ಹುಣ್ಣು ಕೆರೆದು ಯಾಕೆ ದೊಡ್ಡದ್ ಮಾಡ್ತೀಯ?" ಎಂದು ಕೋದಂಡರಾಮಪ್ಪ ಮೊಬೈಲು ಕೈಗೆತ್ತಿಕೊಂಡರು. ಕದಿರೇಶ ತನ್ನ ಕುರ್ಚಿಗೆ ಹೋಗಿ ಕೂತ. ಕೂತವನು ಆ ದಿನದ ಮದುವೆ ಕಾರ್ಡನ್ನು ಟೈಪ್ ಮಾಡಲು ಶುರುಮಾಡಿದ. ಆ ಕೀಲಿಗಳ ಸದ್ದನ್ನು ರಮಾದೇವಿಗೆ ತಡೆದುಕೊಳ್ಳಲಾಗಲಿಲ್ಲ.

ಮನೆಯಲ್ಲಿ ವಿಷಯ ಕೇಳಿ ಮುನಿಕೃಷ್ಣ ಕೋಲಾರಕ್ಕೆ ಹೋಗಿ ಕೇಳಿಬರುತ್ತೇನೆಂದು ಎದ್ದ. ರಮಾದೇವಿಯೇ ತಡೆದಳು. ಅತ್ತೆ ವೆಂಕಟರತ್ನಮ್ಮ ಸೊಪ್ಪು ಬಿಡಿಸುತ್ತ, "ನಮ್ಮಿನೋಳ್ಳೇ ಮುಂಚೇದಿ" ಎಂದರು. ನಂಬಿದವರೇ ಮುಳುಗಿಸುವುದು ಅಂತ. ಆಮೇಲೆ ಕನ್ನಡದಲ್ಲಿ, "ಆಗದೋರು ಮುಳುಗಿಸ್ತಾರೆ ಅಂತ ನಾವು ದಡದಲ್ಲೇ ಇರ್ತೀವಿ ಕಣೇ. ಬೇಕಾದೋರ್ ಜೊತೆಗೆ ತಾನೇ ನೀರಿಗಿಳಿಯೋದು?" ಎಂದು ಸೊಪ್ಪಿನ ಕಡ್ಡಿ ಮುರಿದರು.

ಭಾನುವಾರ ಅವಳು ಒಬ್ಬಳೇ ಬಸ್ಸಿನಲ್ಲಿ ಹೋಳೂರಿಗೆ ಹೋದಳು. ನಡೆದದ್ದನ್ನೆಲ್ಲ ಶಿವಾನಿಗೆ ಹೇಳಿದಳು. ತನ್ನ ಪಾಲನ್ನು ಕಡಿಮೆ ಮಾಡಿಕೊಳ್ಳಲಿಲ್ಲ. ಶಿವಾನಿ "ಗೊತ್ತಿದ್ದೂ ಕಳಿಸಿದ್ರಾ?" ಎಂದು ಅದನ್ನೇ ಎರಡು ಸಲ ಕೇಳಿದಳು. ಆಮೇಲೆ ಕಾಫಿ ತಂದುಕೊಟ್ಟಳು. ಆಂಜಿನಪ್ಪ ಕೋಣೆಯಿಂದ ಹೊರಗೆ ಬರಲಿಲ್ಲ. "ಅಪ್ಪಂಗೆ ಆ ಪುಸ್ತಕದ ಸುದ್ದೀನೇ ಬೇಡವಂತೆ ಅಕ್ಕಾ. ಉಳಿದಿದ್ದನ್ನೆಲ್ಲ ಅಟ್ಟಕ್ಕೆ ಹಾಕ್ಸಿದ್ರು" ಎಂದಳು ಶಿವಾನಿ. ರಮಾದೇವಿ ಹಗುರವಾಗುತ್ತೇನೆಂದು ಹೋದವಳು ಹಾಗೇನೂ ಆಗದೆ ಹಿಂದಿರುಗಿದಳು.

ಆ ತಿಂಗಳು ಮುಗಿಯುತ್ತಲೇ ಕೆಲಸ ಬಿಟ್ಟಳು. ಕೊನೆಯ ದಿನ ತಾನು ಕಲಿಸಿದ ಪದಗಳನ್ನೆಲ್ಲ ಅಳಿಸಿ ಹೋಗಿಬಿಡಬೇಕೆಂದು ಅವಳಿಗೆ ತುಂಬ ಅನಿಸಿತು. ತೆರೆದು ನೋಡಿದರೆ ಎಲ್ಲ ಊರವರ ಹೆಸರುಗಳು, ಸತ್ತವರವು, ಮದುವೆಯಾದವರವು, ತೊಟ್ಟಿಲಿಗೆ ಹಾಕಿದ ಮಕ್ಕಳವು. ಅವರೇನು ಮಾಡಿದ್ದರು? ಹಾಗೆಯೇ ಮುಚ್ಚಿಟ್ಟು ಎದ್ದಳು.

ಈಗ ಶ್ರೀನಿವಾಸಪುರದಲ್ಲಿ ಗೆಳತಿ ತ್ರಿವೇಣಿಯ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾಳೆ. ದಾರಿ ದೂರ, ಮಾವಿನ ಕಾಲದಲ್ಲಿ ಲಾರಿಗಳ ನಡುವೆ ಬಸ್ಸು ತೆವಳುತ್ತದೆ. ಯಾರದೇ ಕೆಲಸವಾದರೂ ಮುಗಿದ ಮೇಲೆ ಬಂದವರನ್ನು ಎದುರಿಗೆ ಕೂರಿಸಿಕೊಂಡು, ಮೊದಲ ಅಕ್ಷರದಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತಾಳೆ. ಕೆಲವರಿಗೆ ಬೇಸರ. "ಸಾಕು ಬಿಡಕ್ಕಾ, ಕಂಪ್ಯೂಟರ್ ನೋಡ್ಕೊಳ್ತದಲ್ಲ" ಎನ್ನುತ್ತಾರೆ. "ಅದು ನೋಡ್ಕೊಳ್ಳಲಿ, ನಾನೂ ನೋಡ್ಕೋತೀನಿ" ಎಂದು ಓದುವುದನ್ನು ಮುಂದುವರಿಸುತ್ತಾಳೆ. ತ್ರಿವೇಣಿ ಒಳ್ಳೆಯವಳು. ಆದರೂ ಅವಳು ಡಬ್ಬಿಯಲ್ಲಿ ಪಾಲು ಕೊಡಲು ಬಂದಾಗ ರಮಾದೇವಿ ಏನಾದರೊಂದು ನೆಪ ಹೇಳಿ ಬೇರೆ ಕೂತು ಉಣ್ಣುತ್ತಾಳೆ. ಯಾಕೆಂದು ಅವಳಿಗೂ ಸರಿಯಾಗಿ ಹೇಳಲು ಬಾರದು.

ಒಂದು ಮಧ್ಯಾಹ್ನ ಕದಿರೇಶ ಅಲ್ಲಿಗೆ ಬಂದ. ಸೊರಗಿದ್ದ. ಹೆಂಡತಿ ಕಟ್ಟಿಕೊಟ್ಟಿದ್ದ ಕಡಲೆಕಾಯಿ ಚೀಲವನ್ನು ಮೇಜಿನ ಅಂಚಿನಲ್ಲಿಟ್ಟ.

"ನೀನಿಲ್ದೆ ಅಂಗಡಿ ಅಂಗಡಿ ಥರಾ ಇಲ್ಲಕ್ಕಾ. ಆದ್ರೆ ನಿನ್ ಪದಗಳಿದಾವಲ್ಲ, ನಿನ್ ಮೆಷಿನ್ ಈಗ ನಾನೇ ಇಟ್ಕೊಂಡಿದೀನಿ, ಕೆಲಸ ಸಲೀಸು" ಎಂದ. ಖುಷಿಪಡಿಸಲೆಂದೇ ಹೇಳಿದ್ದ. ಹೇಳಿದ ಮೇಲೆ ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. "ತಪ್ಪಾಯ್ತಕ್ಕಾ. ಎಷ್ಟ್ ಸಲ ಬೇಕಾದ್ರೂ ಹೇಳ್ತೀನಿ, ತಪ್ಪಾಯ್ತು."

ರಮಾದೇವಿ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಹೋಳೂರಿಗೆ ಹೋಗಿದ್ಯಾ?"

ಅವನು ಹೊರಗಿನ ರಸ್ತೆ ನೋಡಿದ. "ಹೋಗ್ತೀನಕ್ಕಾ."

"ಹೋಗಿದ್ಯಾ ಅಂದೆ."

"ಇಲ್ಲ."

ಅವಳು ಕಡಲೆಕಾಯಿ ಚೀಲವನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಮನೇಲಿ ಹುರ್ಕೊಂಡು ತಿನ್ನಿ, ಹೋಗು" ಎಂದಳು. ಎದುರಿಗೆ ಕಾಯುತ್ತ ಕೂತಿದ್ದ ಮುದುಕಿಯ ಕಡೆ ತಿರುಗಿ, "ಕೇಳಿಸ್ಕೋ ಅಜ್ಜಿ, ಓದ್ತೀನಿ" ಎಂದು ಮೊದಲ ಸಾಲಿನಿಂದ ಶುರುಮಾಡಿದಳು. ಕದಿರೇಶ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಿದ್ದು ಹೋದ.